ಬಾವು ಏಳದ ಮುಂಗೈ

ಈ ಬಸ್ಸಿನಲ್ಲಿ ಕೂತವರಲ್ಲಿ ಅರ್ಧ ಮಂದಿಯ ಎದೆಯೊಳಗೆ ಅದು ಇದ್ದೇ ಇದೆ ಎಂದುಕೊಂಡಾಗ ಡಾಕ್ಟರ್ ಸೋಮನಿಂಗನಿಗೆ ಒಂಥರಾ ಸಮಾಧಾನವಾಯಿತು. ಸಿಂದಗಿಯ ಸ್ಟ್ಯಾಂಡಿನಿಂದ ಹೊರಡುವ ಮನಸ್ಸನ್ನು ಬಸ್ಸು ಇನ್ನೂ ಮಾಡಿರಲಿಲ್ಲ. ಡ್ರೈವರು ಚಹಾದಂಗಡಿಯಲ್ಲಿ ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದ. ಮುಂದಿನ ಸೀಟಿನ, ತಲೆಗೆ ಪಟಗ ಸುತ್ತಿದ ಮುದುಕ ಅಂಗೈಯಲ್ಲಿ ತಂಬಾಕು ತಿಕ್ಕುತ್ತ, ಯಾರೂ ಕೇಳದಿದ್ದರೂ, ತನ್ನ ಅಳಿಯ ಎಂಥ ನಾಲಾಯಕ ಎಂಬುದನ್ನು ಇಡೀ ಬಸ್ಸಿಗೆ ಹೇಳುತ್ತಿದ್ದ. ಆಚೆ ಕೂತ ಹೆಂಗಸು ಕಿಟಕಿಯ ತನಕ ಬಾಗುವುದಕ್ಕೂ ಬೇಸರಪಟ್ಟು ಕಾಲ ಬುಡದಲ್ಲೇ ಉಗುಳಿ ಚಪ್ಪಲಿಯಿಂದ ಒರೆಸಿದಳು. ಹಿಂದೆಲ್ಲೋ ಒಬ್ಬ ಕೆಮ್ಮಿದ. ಒಣ ಕೆಮ್ಮೋ ಕಫದ ಕೆಮ್ಮೋ ಎಂದು ಸೋಮನಿಂಗನ ಕಿವಿ ತಾನಾಗಿಯೇ ವಿಂಗಡಿಸಿತು. ಇವರೆಲ್ಲರ ಮುಂಗೈಗೆ ಪರೀಕ್ಷೆಯ ಔಷಧ ಒಂದೊಂದು ಹನಿ ಚುಚ್ಚಿ ಮೂರನೆಯ ದಿನ ನೋಡಿದರೆ ಅರ್ಧ ಕೈಗಳು ಕೆಂಪಗೆ ಬಾತು ನಿಂತಿರುತ್ತವೆ. ಕ್ಷಯದ ಕ್ರಿಮಿಯನ್ನು ಎದೆಯೊಳಗೆ ಸಾಕಿಕೊಂಡೇ ಇವರು ಜೋಳದ ದರ ಮಾತಾಡುತ್ತಾರೆ, ಅಳಿಯಂದಿರನ್ನು ಬೈಯುತ್ತಾರೆ, ಇನ್ನೊಬ್ಬರ ಮನೆಯ ಹೆಣ್ಣಿನಲ್ಲಿ ಐಬು ಹುಡುಕುತ್ತಾರೆ. ಗೊತ್ತಿಲ್ಲದಿರುವುದರಿಂದಲೇ ಇಷ್ಟು ಜಂಬ. ಅವನು ತನ್ನ ತುಂಬುತೋಳಿನ ಅಂಗಿಯ ಎಡಗೈ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡ. ತೋಳಿನೊಳಗೆ ನಿನ್ನೆಯಿಂದ ಕಡಿಯುತ್ತಿತ್ತು. ಅವನು ಕೆರೆದಿರಲಿಲ್ಲ, ಮಡಚಿ ನೋಡಿಯೂ ಇರಲಿಲ್ಲ.

ಅವನು ಬಸವನ ಬಾಗೇವಾಡಿಗೆ ಹೊರಟದ್ದು ಬೇರೊಬ್ಬನ ಕೈ ನೋಡುವುದಕ್ಕೆ. ತಂಗಿ ಶೇವಂತಿಯನ್ನು ಮದುವೆಯಾಗಬೇಕಾಗಿದ್ದ, ಈಗ ಆಗುತ್ತಾನೋ ಇಲ್ಲವೋ ತಿಳಿಯದ ಬೀರಣ್ಣನ ಕೈ. ಆ ಕೈಯಲ್ಲೂ ಬಾವು ಎದ್ದಿದ್ದರೆ ಮದುವೆ ಉಳಿಯುತ್ತದೆ, ಏಳದಿದ್ದರೆ ಮುರಿಯುತ್ತದೆ. ಮಾತು ಹಾಗೆ ಆಗಿತ್ತು. ಏಳಲಿ ಎಂದು ಸೋಮನಿಂಗ ದೇವರನ್ನು ನಂಬದಿದ್ದರೂ ಯಾರನ್ನೋ ಬೇಡಿಕೊಳ್ಳುತ್ತಿದ್ದ. ಬೀರಣ್ಣನ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. ಸಿಟ್ಟೆಲ್ಲ ಅವನ ತಾಯಿ ಇಂದ್ರಾಬಾಯಿಯ ಮೇಲೆ. ಆ ಹೆಂಗಸಿನ ಮಗನ ಕೈ ಟೊಮೆಟೊ ಹಣ್ಣಿನ ಹಾಗೆ ಕೆಂಪಾಗಿ ಊದಿ, ಅದನ್ನು ಅವಳ ಮೂಗಿನ ಮುಂದೆ ಹಿಡಿದು "ನೋಡ್ರಿ" ಎನ್ನುವ ಒಂದು ಗಳಿಗೆ ಸಿಕ್ಕರೆ ಸಾಕಾಗಿತ್ತು. ಮದುವೆ ಆಮೇಲಿನ ಮಾತು. ಇನ್ನೊಬ್ಬನ ಮೈಯಲ್ಲಿ ಕ್ರಿಮಿ ಇರಲಿ ಎಂದು ಹಾರೈಸುತ್ತ ಬಸ್ಸಿನಲ್ಲಿ ಕೂತ ಡಾಕ್ಟರು ಈ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಹಾರೈಕೆ ನಿಲ್ಲಲಿಲ್ಲ.

ಎಲ್ಲ ಶುರುವಾದದ್ದು ವಾರದ ಹಿಂದೆ, ತಮ್ಮ ಓಣಿಯ ಚಾವಡಿಯ ಮುಂದೆ. ಆ ವರ್ಷ ಸೂಜಿ ಎಂದರೆ ಗಂಡಸರಿಗೆ ಒಂದೇ ಅರ್ಥ. ಎಮರ್ಜೆನ್ಸಿಯ ಜೀಪು ಹಿಡಿದುಕೊಂಡು ಹೋಗಿ ಮಕ್ಕಳಾಗದ ಆಪರೇಶನ್ ಮಾಡಿಬಿಡುತ್ತದೆಂದು ಮೀಸೆ ಹೊತ್ತವರೆಲ್ಲ ತೊಗರಿಯ ಹೊಲಕ್ಕೆ ಓಡಿ ಬಗ್ಗಿ ಕೂರುತ್ತಿದ್ದರು. ಇಂಡಿಯಲ್ಲಿದ್ದಾಗಲೂ ಇದೇ, ಮುದ್ದೇಬಿಹಾಳದಲ್ಲೂ ಇದೇ, ಸ್ವಂತ ಊರಿಗೆ ವರ್ಗ ಮಾಡಿಸಿಕೊಂಡು ಬಂದರೆ ಇಲ್ಲೂ ಇದೇ. ಇದು ಆ ಸೂಜಿ ಅಲ್ಲ, ಎದೆಯ ರೋಗದ ಪರೀಕ್ಷೆಯದು ಎಂದು ಗಂಟಲು ಹರಿಯುವ ಹಾಗೆ ಕೂಗಿದರೂ ಒಬ್ಬನೂ ತೋಳು ಮಡಚಲಿಲ್ಲ. ಕಿರಾಣಿ ಅಂಗಡಿಯ ಗುಡುಸಾಬ ಗುಂಪಿನ ಹಿಂದಿನಿಂದ, "ಮೊದಲ ನಿಮ್ಮ ಮನ್ಯಾಗಿನವರಿಗೆ ಚುಚ್ಚರಿ ಸಾಹೇಬ್ರ, ಆಮ್ಯಾಲೆ ನಮಗ" ಎಂದ. ಎಲ್ಲರೂ ನಕ್ಕರು. ಹೆದರಿಕೆಯನ್ನೇ ಜಾಣತನವೆಂದುಕೊಂಡು ನಗುವ ಈ ನಗೆಯನ್ನು ಕಂಡರೆ ಸೋಮನಿಂಗನ ಮೈ ಉರಿಯುತ್ತದೆ. ಅವನು ದಡದಡ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಶೇವಂತಿಯನ್ನು ಹಿಟ್ಟಿನ ಕೈಯಲ್ಲೇ ಎಬ್ಬಿಸಿಕೊಂಡು ಬಂದ. ಅಷ್ಟು ಗಂಡಸರ ನಡುವೆ ಅವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈ ಚಾಚಿದಳು. ಕೇಳಿದ್ದು ಒಂದೇ ಮಾತು: "ನೋಯ್ತೈತೇನಣ್ಣ?" "ಇರುವಿ ಕಡದಂಗ, ಅಷ್ಟ." ಚರ್ಮದ ಕೆಳಗೆ ಬೇಳೆಯಷ್ಟು ಗುಳ್ಳೆ ಎದ್ದು ಇಳಿಯಿತು. ತನ್ನ ಕೈಗೇ ಚುಚ್ಚಿಕೊಳ್ಳಬಹುದಿತ್ತಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆದದ್ದರಿಂದಲೇ ಮನೆಗೆ ಓಡಿದ್ದ. ಬಾವನ್ನು ನೋಡಬೇಕಾದ ಮೂರನೆಯ ದಿನವೇ ಬೀಗರು ಬಳೆ ಇಡಿಸುವುದಕ್ಕೆ ಬರುತ್ತಾರೆಂಬುದು ಮಾತ್ರ ಅವನ ತಲೆಯಿಂದ ಹಾರಿಹೋಗಿತ್ತು. ಮನೆಯ ಇಂಥ ಸಂಗತಿಗಳನ್ನು ನೆನಪಿಡುವುದು ಹೆಂಗಸರ ಕೆಲಸವೆಂದು ಅವನು ಬಹಳ ದಿನದಿಂದ ನಂಬಿದ್ದ.

ಮಾತುಕತೆ ಮುಗಿದ ಮೇಲೆ ಗಂಡಿನ ತಾಯಿ ಬಂದು ಹೆಣ್ಣಿಗೆ ಹಸಿರು ಬಳೆ ಇಡಿಸಿ ಹೋಗುವುದು ಅವರ ಮಂದಿಯ ಪದ್ಧತಿ. ಕೈತುಂಬ ಬಳೆ ಬಿತ್ತೆಂದರೆ ಹೆಣ್ಣು ಅವರದಾದ ಹಾಗೆ. ಆ ದಿನ ಗಂಡು ಬರುವ ರೂಢಿಯಿಲ್ಲ. ಬೀರಣ್ಣ ಬಂದಿದ್ದ. ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿ ಸಾಮಾನಿನ ಉಸ್ತುವಾರಿ ನೋಡುವ ತೆಳ್ಳಗಿನ ಹುಡುಗ; ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಯಾರೂ ನೋಡದಾಗ ಒಳಬಾಗಿಲ ಕಡೆ ನೋಡುತ್ತಿದ್ದ. ಇಷ್ಟೊಂದು ಬಯಲಾಗಿ ಆಸೆಪಡುವವರನ್ನು ಕಂಡರೂ ಸೋಮನಿಂಗನಿಗೆ ತಾತ್ಸಾರ. ಬಳೆಗಾರ್ತಿ ಹಜರಾಬಿ ಶೇವಂತಿಯ ಅಂಗೈಯನ್ನು ಹಿಟ್ಟಿನ ಹಾಗೆ ಹಿಸುಕಿ ಸಣ್ಣದು ಮಾಡಿ ಒಂದೊಂದೇ ಬಳೆ ಏರಿಸಿದಳು. ಮಣಿಕಟ್ಟು ತುಂಬಿತು. ಇನ್ನಷ್ಟಕ್ಕೆ ಜಾಗ ಮಾಡಲೆಂದು ಅಷ್ಟನ್ನೂ ಒಟ್ಟಿಗೆ ಮುಂಗೈಯ ಮೇಲಕ್ಕೆ ನೂಕಿದಳು. "ಯವ್ವಾ!" ಎಂದು ಶೇವಂತಿ ಕೈ ಎಳೆದುಕೊಂಡಳು. ಎರಡು ಬಳೆ ಒಡೆದು ಮಡಿಲಿಗೆ ಬಿದ್ದವು. "ನಾ ಒತ್ತೇ ಇಲ್ಲಲ್ಲ ಮಗಳ" ಎನ್ನುತ್ತ ಹಜರಾಬಿ ಆ ಕೈಯನ್ನು ಮಗುಚಿ ಹಿಡಿದಳು. ಅಲ್ಲಿತ್ತು: ಕೆಂಪಗೆ, ಗಟ್ಟಿಯಾಗಿ, ರೂಪಾಯಿಯಗಲ.

"ಇದೇನ್ರಿ ಬೀಗರ?" ಎಂದಳು ಇಂದ್ರಾಬಾಯಿ.

"ಏನೋ ಹುಳ ಕಡದೈತ್ರಿ" ಎಂದಳು ಅವ್ವ ತಿಪ್ಪವ್ವ. ಎಷ್ಟು ಚೆಂದದ ಸುಳ್ಳು. ಹಜರಾಬಿ ಆಗಲೇ ಹೌದೆಂದು ತಲೆಯಾಡಿಸಿದ್ದಳು. ಇಂದ್ರಾಬಾಯಿಯ ಮುಖವೂ ಸಡಿಲಾಗುತ್ತಿತ್ತು. ಸೋಮನಿಂಗ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಬಳೆ ತುಂಬಿ, ಉಡಿ ತುಂಬಿ, ಊಟ ಮಾಡಿ ಬೀಗರು ಹೋಗಿರುತ್ತಿದ್ದರು. ಅವನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಓದಿ, ಹುಬ್ಬಳ್ಳಿಯಲ್ಲಿ ಹೆಣ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಕಣ್ಣು ಕೆಡಿಸಿಕೊಂಡು ಬಂದು, ಕೊನೆಗೆ ತನ್ನದೇ ಪಡಸಾಲೆಯಲ್ಲಿ ಹುಳ ಕಡಿದದ್ದೆಂದು ಕೇಳಿಸಿಕೊಳ್ಳಬೇಕೆ? "ಹುಳ ಅಲ್ಲವ್ವ, ತಿಳೀದಿದ್ರ ಸುಮ್ಮಕಿರು" ಎಂದು ಅವನು ಕುರ್ಚಿಯನ್ನು ನಡುವೆ ಎಳೆದುಕೊಂಡು ಕೂತ.

"ಕೇಳ್ರಿ. ನಮ್ಮ ಮೈಯಾಗ ಕಾವಲ ಕಾಯೂ ಕಣ ಅದಾವ. ಹೊರಗಿನ ಕ್ರಿಮಿ ಬಂತಂದ್ರ ಹಿಡದು ನುಂಗಿ ಕರಗಿಸಿ ಬಿಡ್ತಾವ. ಆದ್ರ ಈ ಕ್ಷಯದ ಕ್ರಿಮಿ ಮೈಮ್ಯಾಲ ಮೇಣದಂಥಾ ಹೊದಿಕಿ ಐತಿ. ನುಂಗಿದ್ರೂ ಕರಗೂದಿಲ್ಲ. ನುಂಗಿದ ಕಣದ ಹೊಟ್ಯಾಗನ ಕುಂತು ಮರಿ ಹಾಕತೈತಿ. ಅವಾಗ ಬ್ಯಾರೆ ಕಣ ಓಡಿ ಬರ್ತಾವ. ಕೊಲ್ಲಾಕ ಆಗಲಿಲ್ಲಂದ್ರ ಸುತ್ತ ಒಂದಕ್ಕೊಂದು ಒತ್ತಿ ನಿಂತು ಗ್ವಾಡಿ ಕಟ್ತಾವ." ಹೇಳುತ್ತ ಹೇಳುತ್ತ ಅವನ ದನಿ ಏರಿತು. ತನ್ನ ಅಪ್ಪ ತೋಳವನ್ನು ಹೊರಗಿಡಲು ಕುರಿಗಳ ಸುತ್ತ ಮುಳ್ಳು ಬೇಲಿ ಹಾಕುತ್ತಿದ್ದ; ಇಲ್ಲಿ ತೋಳ ಬೇಲಿಯ ಒಳಗೇ ಇದೆ, ಕುರಿಗಳೇ ಬೇಲಿಯಾಗಿ ನಿಂತಿವೆ ಎಂದೂ ಹೇಳಿದ. ಒಮ್ಮೆ ಆ ಕ್ರಿಮಿಯನ್ನು ಕಂಡ ಕಣಗಳು ಅದನ್ನು ಮರೆಯುವುದಿಲ್ಲ. ಆ ಕ್ರಿಮಿಯ ಸತ್ತ ಸಾರವನ್ನು ಒಂದು ಹನಿ ಚುಚ್ಚಿದರೂ ಗುರುತು ಹಿಡಿದು ಎರಡು ಮೂರು ದಿನದಲ್ಲಿ ಮುತ್ತಿಕೊಳ್ಳುತ್ತವೆ, ಅದೇ ಈ ಬಾವು. ಇದು ರೋಗವಲ್ಲ, ಕಾವಲು ಎಚ್ಚರವಾಗಿದೆ ಎಂಬುದಕ್ಕೆ ಸಾಕ್ಷಿ. ಇಷ್ಟು ಚೆನ್ನಾಗಿ ಅವನು ಪರೀಕ್ಷೆಯಲ್ಲೂ ಹೇಳಿರಲಿಲ್ಲ. ಕೇಳುತ್ತಿದ್ದವರ ಮುಖಗಳು ಹೊಲಸು ಕಂಡವರ ಹಾಗೆ ಆಗುತ್ತಿದ್ದುದು ಅವನಿಗೆ ಕಾಣಿಸಲೇ ಇಲ್ಲ.

"ಅಂದ್ರ ಒಳಗ ಐತಿ" ಎಂದಳು ಇಂದ್ರಾಬಾಯಿ.

"ಐತಿ. ಆದ್ರ ಗ್ವಾಡ್ಯಾಗ ಐತಿ."

"ಗ್ವಾಡಿ ಬೀಳಂಗಿಲ್ಲೇನ್ರಿ?"

"ಹತ್ತರಾಗ ಒಂಬತ್ತು ಮಂದಿಗೆ ಬೀಳೂದಿಲ್ಲ."

"ಉಳದ ಒಬ್ಬರಿಗೆ?"

ಇಲ್ಲಾದರೂ ನಿಲ್ಲಬಹುದಿತ್ತು. ಅರ್ಧ ಸತ್ಯ ಹೇಳುವುದು ಗಾವಿಲರ ಕೆಲಸವೆಂದು ಅವನಿಗೆ ಹೆಮ್ಮೆ. "ಮೈ ಸೊರಗಿದಾಗ ಬೀಳಬಹುದು. ಉಪಾಸ ಬಿದ್ರ, ಬ್ಯಾರೆ ಬ್ಯಾನಿ ಬಂದ್ರ, ಬಾಣಂತನದಾಗ" ಎಂದು ಪಾಠ ಒಪ್ಪಿಸಿದ. ಆ ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ಕೇಳಿಸಿದ್ದು.

"ಬಾಣಂತನದಾಗ" ಎಂದು ಇಂದ್ರಾಬಾಯಿ ಮೆಲ್ಲಗೆ ಅಂದಳು. ಆಮೇಲೆ, "ಆಕಿಗೆ ಯಾರಿಂದ ಬಂದೀತ್ರಿ?" ಎಂದು ಕೇಳಿದಳು.

"ಯಾರರ ಕೆಮ್ಮಿದವರಿಂದ. ಸಂತ್ಯಾಗ, ಬಸ್ಸಿನ್ಯಾಗ. ಇಂಥವರಿಂದ ಅಂತ ಹೇಳಾಕ ಬರಂಗಿಲ್ಲ." ಇದೊಂದು ಮಾತನ್ನು ಅವನು ಗೋಡೆಯ ಕಡೆ ನೋಡುತ್ತ ಹೇಳಿದ. ಒಡೆದ ಬಳೆಯ ಚೂರುಗಳನ್ನು ಮಡಿಲಿನಿಂದ ಆರಿಸುತ್ತಿದ್ದ ಶೇವಂತಿ ತಲೆಯೆತ್ತಿ ಅವನನ್ನು ಒಮ್ಮೆ ನೋಡಿದಳು. ಇಂದ್ರಾಬಾಯಿ ತಟ್ಟೆಯಲ್ಲಿದ್ದ ಕುಬಸದ ಖಣ ಎತ್ತಿ ಚೀಲದೊಳಗೆ ಇಟ್ಟುಕೊಂಡಳು. ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದಳು. ಆಗ ಸೋಮನಿಂಗನ ಬಾಯಿಗೆ ಹಿಡಿತವೇ ಉಳಿಯಲಿಲ್ಲ. ವಿಚಾರವಂತೆ ವಿಚಾರ, ಇಲ್ಲಿ ಕೂತವರಲ್ಲಿ ಯಾರ ಕೈಗೆ ಚುಚ್ಚಿದರೂ ಬಾವು ಬರುತ್ತದೆ, ನಿಮ್ಮ ಕೈಗೂ ಬರುತ್ತದೆ, ನಿಮ್ಮ ಮಗನ ಕೈಗೂ ಬರುತ್ತದೆ ಎಂದು ಕೂಗಿದ. "ನನಗ ಚುಚ್ಚರಿ ಡಾಕ್ಟರ್ರ" ಎಂದು ಬೀರಣ್ಣ ಕಂಬ ಬಿಟ್ಟು ಮುಂದೆ ಬಂದ. ತಾಯಿ ಬೇಡವೆಂದರೂ ಕೇಳದೆ ಅಂಗಿಯ ತೋಳು ಮಡಚಿದ. ಹೆಣ್ಣಿನ ಮುಂದೆ ಶೂರನಾಗುತ್ತಿದ್ದಾನೆ ಬೋಳಿಮಗ ಎಂದುಕೊಂಡೇ ಸೋಮನಿಂಗ ಔಷಧ ಇಟ್ಟಿದ್ದ ಐಸಿನ ಡಬ್ಬಿ ತೆರೆದು ಅವನಿಗೂ ಚುಚ್ಚಿದ. "ಆತು. ನನ್ನ ಮಗಗ ಬಾವು ಬಂದ್ರ ಇಬ್ಬರದೂ ಸಮ, ಬಳಿ ತಿರಗಿ ಇಡಸ್ತೇನಿ. ಬರಲಿಲ್ಲಂದ್ರ ನಮ್ಮ ದಾರಿ ನಮಗ" ಎಂದಳು ಇಂದ್ರಾಬಾಯಿ. ಆ ಸಂಜೆ ದವಾಖಾನೆಯಲ್ಲಿ ಯಾರೂ ಇಲ್ಲದಾಗ, ಸೀಸೆಯಲ್ಲಿ ಉಳಿದದ್ದನ್ನು ಸೋಮನಿಂಗ ತನ್ನ ಎಡಗೈಗೂ ಚುಚ್ಚಿಕೊಂಡ. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಅದರ ಉತ್ತರ ಅವನಿಗೆ ಮೊದಲೇ ಗೊತ್ತಿತ್ತು.

ಬಸ್ಸು ದೇವರ ಹಿಪ್ಪರಗಿ ದಾಟಿತು. ಎರಡೂ ಕಡೆ ಎದೆಯೆತ್ತರದ ಜೋಳ, ನಡುನಡುವೆ ಬಿರಿದ ಕರಿ ನೆಲ. ಮುದುಕ ಈಗ ಅಳಿಯನನ್ನು ಬಿಟ್ಟು ಮಗಳನ್ನು ಬೈಯುತ್ತಿದ್ದ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಕಡೆಯ ವರ್ಷ ಹಲ್ಲುಜ್ಜುವಾಗ ಬಚ್ಚಲಿಗೆ ಬಿದ್ದ ರಕ್ತ ಮೊದಲು ಒಸಡಿನದೆಂದು ಅವನು ನಂಬಿದ್ದ. ನಂಬುವುದು ಎಷ್ಟು ಸುಲಭ. ಆಮೇಲೆ ಊರಿಗೆ ಬಂದು ಮಲಗಿದ. ಓದಿ ಓದಿ ನಿಶ್ಶಕ್ತಿಯಾಗಿದೆ ಎಂದು ಮನೆಯವರಿಗೆ ಹೇಳಿದ. ಅಣ್ಣನನ್ನು ನೋಡಿಕೊಳ್ಳಲು ಶೇವಂತಿ ಸಾಲೆ ಬಿಟ್ಟಳು, ಮತ್ತೆ ಹೋಗಲಿಲ್ಲ. ಅವನು ಕೆಮ್ಮಿದ ಕೋಣೆಯಲ್ಲೇ ಮಲಗುತ್ತಿದ್ದಳು. ಅವನು ತನಗೆ ತಾನೇ ಚುಚ್ಚಿಕೊಳ್ಳುವ ಸೂಜಿಯನ್ನು ಹಾಲಿನ ಪಾತ್ರೆಯಲ್ಲಿ ಕುದಿಸಿ ಕೊಡುತ್ತಿದ್ದಳು. ಒಂದು ದಿನ ಔಷಧದ ಸೀಸೆಯನ್ನು ಸಾಲೆಯ ಮಾಸ್ತರರಿಗೆ ತೋರಿಸಿ ಬಂದು ಬಾಗಿಲಲ್ಲಿ ನಿಂತು, "ಇದು ಟೀಬಿದು ಅಲ್ಲೇನಣ್ಣ?" ಎಂದಿದ್ದಳು. "ಸುಮ್ಮಕಿರು" ಎಂದಿದ್ದ. ಅಷ್ಟೇ. ಅಂದಿನಿಂದ ಸುಮ್ಮನಿದ್ದಾಳೆ. ಅವಳ ಮೈಯ ಕಣಗಳು ನೆನಪಿಟ್ಟುಕೊಂಡದ್ದು ಸಂತೆಯನ್ನಲ್ಲ, ಬಸ್ಸನ್ನಲ್ಲ. ಇವತ್ತು ಬೆಳಿಗ್ಗೆ ರೊಟ್ಟಿ ಕಟ್ಟಿ ಕೊಡುವಾಗ ಅವಳು ಅವನ ಮುಖ ನೋಡದೆ ಹೇಳಿದ್ದಳು: "ನೀ ಕೆಮ್ಮಿದ್ದು ನಾ ಯಾರಿಗೂ ಹೇಳಂಗಿಲ್ಲ. ನೀ ಅಂತೂ ಹೇಳಾಂವ ಅಲ್ಲ. ಆದ್ರ ಅವರ ಕೈಗೆ ಬಾವು ಬರಲಿ ಅಂತ ಬೇಡಕೋಬ್ಯಾಡ. ಅವರಿಗೆ ಏನೂ ಆಗದಿರಲಿ." ನೀ ಅಂತೂ ಹೇಳಾಂವ ಅಲ್ಲ. ಇಡೀ ತಾಲೂಕನ್ನು ತಾತ್ಸಾರದಿಂದ ನೋಡುವವನಿಗೆ ತಂಗಿಯ ತಾತ್ಸಾರ ಮಾತ್ರ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಬಾಗೇವಾಡಿಯಲ್ಲಿ ಇಂದ್ರಾಬಾಯಿಯ ಮನೆಯ ಮುಂದೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ಓಣಿಯ ಹೆಂಗಸರು, ಇಬ್ಬರು ಹಿರಿಯರು, ಎಲ್ಲರೂ ಕೈ ನೋಡಲು ಬಂದವರು. ಡಾಕ್ಟರು ನೋಡುವುದಕ್ಕಿಂತ ಮೊದಲೇ ಅವರು ನೋಡಿ ಮುಗಿಸಿದ್ದರು. "ಬರ್ರಿ, ಬರ್ರಿ ಡಾಕ್ಟರ್ರ" ಎಂದು ಇಂದ್ರಾಬಾಯಿ ಕರೆದ ದನಿಯಲ್ಲೇ ಅವನಿಗೆ ಸೋಲು ತಿಳಿಯಿತು. ಬೀರಣ್ಣ ಚಾಪೆಯ ಮೇಲೆ ಕೂತು ಕೈ ಚಾಚಿದ. ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾದ ಮುಂಗೈ. ಸೂಜಿ ಎಲ್ಲಿ ಹೊಕ್ಕಿತ್ತೆಂಬುದೂ ಹುಡುಕಬೇಕು. ಸೋಮನಿಂಗ ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಹೆಂಗಸರು ಗುಜುಗುಜು ನಕ್ಕರು. ಒಬ್ಬಳು ಚುರಮುರಿ ಸುಸಲಾದ ತಟ್ಟೆ ತಂದಿಟ್ಟಳು. ಗೆದ್ದವರ ಮನೆಯ ಸುಸಲಾ ಬಾಯೊಳಗೆ ಹೊಟ್ಟಿನ ಹಾಗಿತ್ತು.

"ನನ್ನ ಮಗ ಗಟ್ಟಿ ಅದಾನ, ನನಗ ಗೊತ್ತಿತ್ತು" ಎಂದಳು ಇಂದ್ರಾಬಾಯಿ. ಗೆದ್ದವಳಿಗೆ ಈಗ ದೊಡ್ಡ ಮನಸ್ಸೂ ಬಂದಿತ್ತು. "ಹೋಗಲಿ ಬಿಡ್ರಿ. ಇಂವ ನಿನ್ನಿಯಿಂದ ಅದೇ ಹುಡುಗಿ ಬೇಕು ಅಂತ ಹಟ ಹಿಡದು ಕುಂತಾನ, ಅನ್ನ ಉಣವಲ್ಲ. ಮಾಡಕೋತೇವಿ. ಗಟ್ಟಿ ಇದ್ದಾಂವ ಒಬ್ಬ ಇದ್ರ ಸಂಸಾರ ನಡೀತೈತಿ. ಆದ್ರ ಒಂದ ಮಾತು: ಎಷ್ಟ ಬಾಣಂತನ ಆದ್ರೂ ಅಲ್ಲೇ, ನಿಮ್ಮ ಮನ್ಯಾಗ."

ಮದುವೆ ಉಳಿಯಿತು. ಅವ್ವನಿಗೆ ಹೇಳಬಹುದು, ಶೇವಂತಿಗೆ ಹೇಳಬಹುದು. ಸೋಮನಿಂಗ ಎಡಗೈಯಲ್ಲಿ ಹಿಡಿದ ಬೀರಣ್ಣನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಅದು ಬಿಸಿಯಾಗಿತ್ತು. ಬಿಸಿಲಿನ ಬಿಸಿಯಲ್ಲ. ಗಡಿಯಾರದ ಪಟ್ಟಿಗೆ ಇನ್ನೂ ಒಳಗೆ ಹೊಸ ತೂತು ಮಾಡಿದ್ದರು, ಆದರೂ ಅದು ಮೊಣಕೈಯ ತನಕ ಜಾರುತ್ತಿತ್ತು. ಕೊರಳ ಕೆಳಗಿನ ಎಲುಬುಗಳ ಮೇಲಿನ ಕುಳಿಗಳಲ್ಲಿ ಒಂದೊಂದು ಬೊಗಸೆ ನೀರು ನಿಲ್ಲುವಂತಿತ್ತು. ಹುಡುಗ ತಾಯಿಯ ಮಾತಿನ ನಡುವೆ ಉಸಿರು ಹಿಡಿದು ಕೆಮ್ಮನ್ನು ನುಂಗುತ್ತಿದ್ದ; ನುಂಗುವ ಆ ಬಗೆಯನ್ನು ಸೋಮನಿಂಗನಿಗೆ ಬೇರೆ ಯಾರೂ ಕಲಿಸಬೇಕಿರಲಿಲ್ಲ. ಬಾವು ಏಳದ ಕೈಗಳು ಎರಡು ಬಗೆಯವು. ಕ್ರಿಮಿಯನ್ನು ಎಂದೂ ಕಾಣದವರದು ಒಂದು. ಅದರೊಂದಿಗೆ ಬಡಿದಾಡಿ ಬಡಿದಾಡಿ ಸೋತು, ಇನ್ನು ಬಂದರೆ ಬರಲಿ ಎಂದು ಕಾವಲಿನ ಕಣಗಳು ಕೂತುಬಿಟ್ಟವರದು ಇನ್ನೊಂದು. ಅಂಥವರಿಗೆ ಚುಚ್ಚಿದರೂ ಏನೂ ಏಳುವುದಿಲ್ಲ. ಇದನ್ನು ಆ ದಿನ ಪಡಸಾಲೆಯಲ್ಲಿ ಹೇಳುವುದನ್ನು ಅವನು ಮರೆತಿದ್ದ. ಅಷ್ಟೆಲ್ಲ ಹೇಳಿ ಇದೊಂದನ್ನು ಬಿಟ್ಟಿದ್ದ.

ಸುಮ್ಮನೆ ಎದ್ದು ಹೋಗಬಹುದು. ಈ ಹೆಂಗಸಿಗೆ ಗಟ್ಟಿ ಮಗ ಬೇಕಲ್ಲ, ಇಟ್ಟುಕೊಳ್ಳಲಿ. ಹಾಗೆ ಅಂದುಕೊಂಡೂ ಅವನು ಕೇಳಿದ: "ಕೆಮ್ಮು ಎಷ್ಟ ದಿನದ್ದು?"

"ಆಲಮಟ್ಟಿ ಧೂಳ್ರಿ ಅದು" ಎಂದಳು ತಾಯಿ.

"ಸಂಜಿಮುಂದ ಜ್ವರ ಬರತೈತೇನು?" ಬೀರಣ್ಣ ತಾಯಿಯ ಮುಖ ನೋಡಿ, "ಇಲ್ರಿ" ಎಂದ.

"ಇವನ ಕಫಾ ತಪಾಸ ಮಾಡಬೇಕ್ರಿ. ಒಮ್ಮೊಮ್ಮೆ ರೋಗ ಹೆಚ್ಚಾದವರಿಗೂ ಬಾವು ಬರೂದಿಲ್ಲ." ಹೇಳುವಾಗಲೇ ತನ್ನ ಮಾತು ಹೇಗೆ ಕೇಳಿಸುತ್ತಿದೆಯೆಂದು ಅವನಿಗೆ ತಿಳಿಯಿತು. ಇಂದ್ರಾಬಾಯಿ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಗಿಸಿದಳು. "ಬಾವು ಬಂದ್ರ ರೋಗ ಇಲ್ಲ ಅಂದ್ರಿ. ಬಾವು ಬರಲಿಲ್ಲಂದ್ರ ರೋಗ ಐತಿ ಅಂತೀರಿ. ನಿಮ್ಮ ತಂಗೀದಾದ್ರ ಹಂಗ, ನನ್ನ ಮಗಂದಾದ್ರ ಹಿಂಗ. ಎಂಥಾ ಡಾಕ್ಟರ್ರಿ ನೀವು?" ಇಡೀ ಮನೆ ನಕ್ಕಿತು. ಚಾವಡಿಯ ಮುಂದಿನ ಅದೇ ನಗೆ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಸೋಮನಿಂಗ ಹುಡುಕಿದ, ಸಿಗಲಿಲ್ಲ. "ಮದಿವಿ ಮನಸ್ಸಿಲ್ಲಂದ್ರ ಖರೇ ಹೇಳ್ರಿ, ಸುಳ್ಳ ರೋಗ ಹಚ್ಚಬ್ಯಾಡ್ರಿ" ಎಂದಳು. "ಮನಸ್ಸೈತ್ರಿ" ಎಂದು ಅವನು ಮೆತ್ತಗೆ ಹೇಳಿ, ಚಹಾ ಕುಡಿದು, ಎದ್ದ.

ಸ್ಟ್ಯಾಂಡಿನ ತನಕ ಬೀರಣ್ಣ ಜೊತೆಗೆ ಬಂದ. ದಾರಿಯಲ್ಲಿ ಎರಡು ಕಡೆ ನಿಂತ. ಚಪ್ಪಲಿಯ ಉಂಗುಟ ಸರಿಮಾಡುವ ನೆಪ. ಕಲ್ಲುಬೆಂಚಿನ ಹತ್ತಿರ ಬಂದ ಮೇಲೆ ಕೆಮ್ಮನ್ನು ಬಿಟ್ಟುಬಿಟ್ಟ. ಅದು ಮುಗಿದಾಗ ಒರೆಸಿಕೊಂಡ ಕರವಸ್ತ್ರವನ್ನು ಮಡಚದೆ ಹಾಗೇ ಹಿಡಿದು ತೋರಿಸಿದ.

"ಹಿಂದಕ್ಕೂ ರಕ್ತ ಬಿದ್ದಿತ್ರಿ. ಅವ್ವಗ ಗೊತ್ತಿಲ್ಲ. ಸೂಜಿ ಚುಚ್ಚಿದ್ರ ನಿಮಗ ತಾನ ತಿಳೀತೈತಿ, ನಾ ಬಾಯಿ ಬಿಡೂದು ತಪ್ಪತೈತಿ ಅಂತ ಕೈ ಕೊಟ್ಟೆ. ಏನೂ ಏಳಲಿಲ್ಲ. ಇವತ್ತ ಮುಂಜಾನೆ ಎಷ್ಟ ಖುಷಿ ಆಗಿತ್ತು ಗೊತ್ತೇನ್ರಿ."

"ಸಿಂದಗಿಗೆ ಬಾ. ಔಷಧ ಐತಿ, ಗುಣಾ ಆಗತೈತಿ."

"ಎಲ್ಲಾರೂ ಹಂಗ ಅಂತಾರ್ರಿ. ನಮ್ಮ ಕ್ಯಾಂಪಿನ್ಯಾಗ ಇಬ್ಬರು ಸತ್ರು, ಅವರಿಗೂ ಹಂಗ ಅಂದಿದ್ರು." ಅವನು ಮೆಲ್ಲಗೆ ಸೋಮನಿಂಗನ ಹತ್ತಿರ ಬಂದ. "ಇದು ಬಂದು ಉಳದಾಂವನ್ನ ನೀವು ಕಣ್ಣಾರೆ ನೋಡೀರೇನ್ರಿ? ನಮ್ಮಂಥಾ ಮಂದ್ಯಾಗ. ಒಬ್ಬನ ಹೆಸರು ಹೇಳ್ರಿ ಸಾಕು, ನಾಳಿನ ಬಂದ ಬಿಡ್ತೇನಿ. ಮದಿವಿ ಆಮ್ಯಾಲೆ ನೋಡೂಣು."

ಬಸ್ಸು ಬಂದು ನಿಂತಿತು. "ಭಾಳ ಮಂದಿ ಅದಾರ" ಎಂದ ಸೋಮನಿಂಗ. "ಹೆಸರು ಹೇಳೂದು ನಮ್ಮ ಕಾಯದೆದಾಗ ಇಲ್ಲ." ತನ್ನ ದನಿ ಎಷ್ಟು ಗಂಭೀರವಾಗಿತ್ತೆಂದರೆ ಅವನಿಗೇ ಒಂದು ಕ್ಷಣ ಅಂಥ ಕಾಯದೆ ಇದ್ದೀತೆನ್ನಿಸಿತು. ಬೀರಣ್ಣ ತಲೆಯಾಡಿಸಿದ. ಬೇಸರಪಡಲೂ ಇಲ್ಲ. ಕರವಸ್ತ್ರ ಜೇಬಿಗಿಟ್ಟು ಬೆಂಚಿನ ಮೇಲೆ ಕೂತ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಮುದುಕಿ. ಬಸ್ಸು ಹೊರಳಿ ಊರ ಅಂಚಿಗೆ ಬರುವ ಹೊತ್ತಿಗೆ ತೋಳಿನ ಕಡಿತ ತಡೆಯಲಾಗದಷ್ಟಾಯಿತು. ಗುಂಡಿ ಬಿಚ್ಚಿ ಮಡಚಿದ. ಶೇವಂತಿಯ ಕೈಯದರ ಎರಡರಷ್ಟು ದೊಡ್ಡ ಬಾವು, ನಡುವೆ ನೀರುಗುಳ್ಳೆ ಕೂಡ ಎದ್ದಿತ್ತು. ಇಷ್ಟು ವರ್ಷ ಅವನು ಮರೆತದ್ದನ್ನು ಮೈ ಮರೆತಿರಲಿಲ್ಲ. ಮುದುಕಿ ಅದನ್ನು ನೋಡಿದಳು. ಅವನ ಮುಖವನ್ನೂ ನೋಡಿದಳು. ಬುಟ್ಟಿಯನ್ನು ಎತ್ತಿ ಆಚೆಯ ತೊಡೆಯ ಮೇಲೆ ಇಟ್ಟುಕೊಂಡು ಸೀಟಿನ ತುದಿಗೆ ಸರಿದಳು. ಕೋಳಿಗೆ ತಗಲೀತೆಂದು.

"ಇದು ರೋಗ ಅಲ್ಲವ್ವ" ಎಂದ ಸೋಮನಿಂಗ. "ಕಾವಲ ಕಾಯೂ ಕಣ ಇರತಾವ ನೋಡು, ಅವು…"

"ಇರಲಿ ಬಿಡಪಾ. ನಿನ್ನ ಕೈ ನಿನ್ನ ಹಂತ್ಯಾಕ ಇರಲಿ" ಎಂದಳು ಮುದುಕಿ.

ಅವನಿಗೆ ನಗು ಬಂತು. ಚುಚ್ಚಿದಲ್ಲಿ ಎದ್ದು ನಿಲ್ಲುವ ಬುದ್ಧಿ ಈ ಮುಂಗೈಗಾದರೂ ಇದೆ. ಒಂದು ಹೆಸರು ಕೇಳಿದ್ದ ಆ ಹುಡುಗ. ಬೇರೇನೂ ಕೇಳಿರಲಿಲ್ಲ. ಥೂ ನಿನ್ನ, ಎಂದು ಅವನು ಗಟ್ಟಿಯಾಗಿಯೇ ಅಂದನಿರಬೇಕು, ಮುದುಕಿ ಎದ್ದು ಬೇರೆ ಸೀಟಿಗೆ ಹೋದಳು. "ನಿಲ್ಲಸ್ರಿ" ಎಂದು ಕೂಗಿದ. ಈಗಷ್ಟೇ ಟಿಕೇಟು ಹರಿದ ಕಂಡಕ್ಟರು ಬೈಯುತ್ತ ಸೀಟಿ ಊದಿದ. ಇಳಿದು, ಮಡಚಿದ ತೋಳನ್ನು ಇಳಿಸದೆ, ಸೋಮನಿಂಗ ಬಂದ ದಾರಿಯಲ್ಲೇ ನಡೆದ. ಅವ್ವ ಎದೆ ಬಡಿದುಕೊಳ್ಳುತ್ತಾಳೆ. ಕ್ಷಯದವರ ಮನೆ ಎಂದು ನಾಳೆಯೇ ಗುಡುಸಾಬನ ಅಂಗಡಿಯ ತನಕ ಸುದ್ದಿ ಮುಟ್ಟುತ್ತದೆ. ಶೇವಂತಿ ಏನನ್ನುತ್ತಾಳೋ ಅವನಿಗೆ ತಿಳಿಯಲಿಲ್ಲ. ಅವಳನ್ನು ಯಾವುದಕ್ಕೂ ಕೇಳಿ ಅವನಿಗೆ ರೂಢಿಯಿರಲಿಲ್ಲ.

ಬೀರಣ್ಣ ಅದೇ ಬೆಂಚಿನ ಮೇಲೆ ಇದ್ದ. ಜೊತೆಗೆ ಇಂದ್ರಾಬಾಯಿಯೂ ಇದ್ದಳು, ಏದುಸಿರು ಬಿಡುತ್ತಿದ್ದಳು. ಒಡೆದ ಬಳೆಯ ಬದಲಿಗೆ ಹೊಸ ಹಸಿರು ಬಳೆಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು, ಡಾಕ್ಟರ ಕೈಯಲ್ಲಿ ಕೊಟ್ಟು ಕಳಿಸಬೇಕೆಂದು ಹಿಂದೆಯೇ ಬಂದಿದ್ದಳು. ಅವನನ್ನು ಕಂಡು ಮುಖ ಅರಳಿಸಿ, "ಛೊಲೋ ಆತ್ರಿ ನೀವು ಬಂದದ್ದು, ಹಿಡೀರಿ" ಎಂದು ಗಂಟನ್ನು ಮುಂದೆ ಚಾಚಿದಳು. ಮೊದಲು ಹುಡುಗನೊಬ್ಬನಿಗೇ ಹೇಳಿದರಾಯಿತೆಂದು ದಾರಿಯುದ್ದಕ್ಕೂ ಅವನು ಅಂದುಕೊಂಡಿದ್ದ.

ಸೋಮನಿಂಗ ಗಂಟು ಹಿಡಿಯಲಿಲ್ಲ, ಬಾತ ಎಡಗೈಯನ್ನು ಹುಡುಗನ ಮುಂದೆ ಚಾಚಿದ. "ಹೆಸರು ಕೇಳಿದ್ಯಲ್ಲ" ಎಂದು ಬೀರಣ್ಣನಿಗೆ ಹೇಳಿದ. "ಸೋಮನಿಂಗ. ಊರು ಸಿಂದಗಿ. ಹುಬ್ಬಳ್ಯಾಗ ಓದೂಮುಂದ ರಕ್ತ ಬಿದ್ದಿತ್ತು. ವರ್ಷಗಟ್ಟಲೆ ಸೂಜಿ, ಗುಳಗಿ ತಗೊಂಡೆ. ಉಳದೆ. ಶೇವಂತಿ ಸಾಲಿ ಬಿಟ್ಟು ನನ್ನ ಜ್ವಾಪಾನ ಮಾಡಿದ್ಳು. ಆಕಿ ಕೈ ಬಾತದ್ದು ನನ್ನಿಂದ."

ಇಂದ್ರಾಬಾಯಿ ಚಾಚಿದ ಗಂಟನ್ನು ಹಿಂದಕ್ಕೆ ಎಳೆದುಕೊಂಡು ಹೊಟ್ಟೆಗೆ ಒತ್ತಿ ಹಿಡಿದಳು. ಒಳಗೆ ಬಳೆಗಳು ಸದ್ದು ಮಾಡಿದವು. "ಬೀರಣ್ಣ, ನಡಿ ಮನಿಗೆ" ಎಂದಳು. ಬೀರಣ್ಣ ಎದ್ದ. ಎದ್ದು ಸೋಮನಿಂಗನ ಹತ್ತಿರ ಬಂದ. ಚಾಚಿದ ಆ ಕೈಯನ್ನು ತನ್ನ ಬಿಸಿ ಕೈಯಲ್ಲಿ ಹಿಡಿದು, ಡಾಕ್ಟರು ನೋಡಿದ ಹಾಗೆಯೇ, ಬಾವಿನ ನಡುವೆ ಹೆಬ್ಬೆರಳಿಟ್ಟು ಒತ್ತಿದ.

"ನೋಯ್ತೈತೇನ್ರಿ?"

"ನೋಯ್ತೈತಿ" ಎಂದ ಸೋಮನಿಂಗ.